ಗಣಕಯಂತ್ರಕ್ಕೂ ಒಂದು ಕಿರ್ದಿ ಬೇಕು

ಗದಗ-ಬೆಟಗೇರಿಯ ದಲಾಲಿ ಅಂಗಡಿಗಳಲ್ಲಿ ದಿನದ ವಹಿವಾಟು ಮುಗಿದ ಮೇಲೆ ಕಿರ್ದಿ ಬರೆಯದೆ ಬಾಗಿಲು ಹಾಕುವ ಪದ್ಧತಿ ಇಲ್ಲ. ತೂಕದ ಯಂತ್ರಕ್ಕೆ ಕಾಲಕಾಲಕ್ಕೆ ಇಲಾಖೆಯ ಮುದ್ರೆ ಬೀಳುತ್ತದೆ. ಜಿನ್ನಿಂಗ್ ಕಾರ್ಖಾನೆಯಲ್ಲಿ ವಿದ್ಯುತ್ ಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಗುರುತಿಸಲಾಗುತ್ತದೆ. ಲಾರಿ ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಡೀಸೆಲ್ ಕುಡಿಯಿತು ಎಂಬುದೂ ಮಾಲೀಕನಿಗೆ ಗೊತ್ತಿರುತ್ತದೆ. ಆದರೆ ಈ ಎಲ್ಲ ಲೆಕ್ಕಗಳನ್ನು ಹೊತ್ತುಕೊಂಡು ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರದ ವಿಷಯದಲ್ಲಿ ಮಾತ್ರ ಯಾವ ದಾಖಲೆಯೂ ಇರುವುದಿಲ್ಲ. ಅದರ ಬಗ್ಗೆ ಇರುವ ಏಕೈಕ ಮಾಹಿತಿ ಗುಮಾಸ್ತನ ಒಂದು ಮಾತು: "ಸಿಸ್ಟಮ್ ಭಾಳ ಸ್ಲೋ ಆಗೇದ್ರಿ."

ಈ ಒಂದು ಮಾತಿನ ಆಧಾರದ ಮೇಲೆ ಹೊಸ ಯಂತ್ರಗಳಿಗೆ ಸಾವಿರಾರು ರೂಪಾಯಿ ಖರ್ಚಾಗುತ್ತದೆ, ನಿರ್ವಹಣೆಯ ಗುತ್ತಿಗೆದಾರನೊಂದಿಗೆ ಜಗಳವಾಗುತ್ತದೆ, ತೆರಿಗೆ ಜಾಲತಾಣವನ್ನು ಶಪಿಸಲಾಗುತ್ತದೆ. ತಪ್ಪು ನಿಜವಾಗಿ ಎಲ್ಲಿದೆ ಎಂಬುದು ಮಾತ್ರ ಪತ್ತೆಯಾಗುವುದಿಲ್ಲ. ಗಣಕಯಂತ್ರದ ಕಾರ್ಯಕ್ಷಮತೆಯ ಅಂಕಿ-ಅಂಶಗಳನ್ನು ತಾನಾಗಿಯೇ ಬರೆದಿಡುವ ಸಣ್ಣದೊಂದು ಸ್ಕ್ರಿಪ್ಟ್ ಈ ಕೊರತೆಯನ್ನು ನೀಗಿಸಬಲ್ಲದು. ಇದನ್ನು ತಾಂತ್ರಿಕ ಪರಿಣತರಿಗೆ ಬಿಟ್ಟುಬಿಡಬೇಕಾದ ಸಂಗತಿಯೆಂದು ವ್ಯಾಪಾರಸ್ಥರು ಭಾವಿಸುವ ಅಗತ್ಯವಿಲ್ಲ. ಮೂಲತಃ ಇದು ಲೆಕ್ಕ ಇಡುವ ಕೆಲಸವೇ ಆಗಿದೆ.

ಅವಲಂಬನೆ ಎಷ್ಟು ಬೆಳೆದಿದೆ?

ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರ ಕೆಟ್ಟರೆ ಬಿಲ್ ಪುಸ್ತಕ ತೆಗೆದು ಕೈಯಿಂದ ಬರೆದು ವ್ಯಾಪಾರ ಸಾಗಿಸಬಹುದಾಗಿತ್ತು. ಆ ಅನುಕೂಲ ಈಗ ಬಹುಮಟ್ಟಿಗೆ ಇಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕವಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟುದಾರರಿಗೆ ಇ-ಇನ್ವಾಯ್ಸ್ ಕಡ್ಡಾಯವಾಯಿತು. 10 ಕೋಟಿ ಮತ್ತು ಅದಕ್ಕೂ ಹೆಚ್ಚಿನ ವಹಿವಾಟುಳ್ಳವರು 2025ರ ಏಪ್ರಿಲ್ 1ರಿಂದ ಇನ್ವಾಯ್ಸನ್ನು 30 ದಿನಗಳೊಳಗೆ ಜಾಲತಾಣಕ್ಕೆ ಸಲ್ಲಿಸಬೇಕಾಗಿದೆ.

ಖಾಸಗಿ ಕಂಪನಿಯಾಗಿ ನೋಂದಾಯಿಸಿಕೊಂಡ ಸಣ್ಣ ಕೈಗಾರಿಕೆಗಳಿಗೆ ಇನ್ನೂ ಎರಡು ಹೊಣೆಗಳಿವೆ. ಲೆಕ್ಕಪತ್ರಗಳ ಪ್ರತಿಯನ್ನು ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲಿ ಕಾದಿಡಬೇಕೆಂಬ ನಿಯಮ 2022ರ ಆಗಸ್ಟ್‌ನಲ್ಲಿ ಬಂದಿತು. ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಎರಡೂ ಕೆಲಸಗಳು ಡಿಸ್ಕಿನ ಮೇಲೆ ಹೆಚ್ಚಿನ ಭಾರ ಹೇರುತ್ತವೆ ಎಂಬುದನ್ನು ಗಮನಿಸತಕ್ಕದ್ದು.

ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿಯೂ ಇದೇ ಕಥೆ. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ನಂತರ ಚೀಟಿಯ ಟೆಂಡರಿನ ಜಾಗಕ್ಕೆ ಗಣಕಯಂತ್ರದ ಮೂಲಕ ದರ ನಮೂದಿಸುವ ಪದ್ಧತಿ ಬಂದಿತು. ಹೆಸರು, ಶೇಂಗಾ, ಈರುಳ್ಳಿ, ಹತ್ತಿ, ಮೆಣಸಿನಕಾಯಿಯ ಆವಕ ಏರುವ ದಿನಗಳಲ್ಲಿ ನಿಗದಿತ ವೇಳೆಯೊಳಗೆ ಹತ್ತಾರು ಲಾಟುಗಳಿಗೆ ದರ ಹಾಕಬೇಕಾದ ಖರೀದಿದಾರನಿಗೆ ಯಂತ್ರ ಎರಡು ನಿಮಿಷ ಸ್ತಬ್ಧವಾದರೂ ಮಾಲು ಕೈತಪ್ಪುತ್ತದೆ.

ಸಾಕ್ಷ್ಯವಿಲ್ಲದ ದೂರಿನ ಗತಿ

ದಾಖಲೆ ಇಲ್ಲದಿದ್ದರೆ ಎಂಥ ನಷ್ಟವಾಗಬಹುದು ಎಂಬುದಕ್ಕೆ ಟ್ರಾನ್-1 ಪ್ರಕರಣಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿದ್ದ ಜಮೆಯನ್ನು ಹೊಸ ಪದ್ಧತಿಗೆ ಒಯ್ಯಲು ಸಲ್ಲಿಸಬೇಕಾಗಿದ್ದ ಆ ನಮೂನೆಗೆ 2017ರ ಡಿಸೆಂಬರ್ 27 ಕೊನೆಯ ದಿನವಾಗಿತ್ತು. ಜಾಲತಾಣದ ಅಡಚಣೆಯಿಂದ ದೇಶದಾದ್ಯಂತ ಅನೇಕ ವ್ಯಾಪಾರಸ್ಥರಿಗೆ ಅದನ್ನು ಸಲ್ಲಿಸಲಾಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಮಂಡಳಿಯು ಸುತ್ತೋಲೆ ಹೊರಡಿಸಿ ಇಂಥ ದೂರುಗಳ ಪರಿಹಾರಕ್ಕೆ ಒಂದು ವ್ಯವಸ್ಥೆ ರೂಪಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಯಮ 117ಕ್ಕೆ ತಿದ್ದುಪಡಿಯಾಗಿ, ಸಾಮಾನ್ಯ ಜಾಲತಾಣದ ತಾಂತ್ರಿಕ ತೊಂದರೆಯಿಂದ ಸಲ್ಲಿಸಲಾಗದವರಿಗೆ ಮಾತ್ರ ಹೆಚ್ಚಿನ ಕಾಲಾವಕಾಶ ದೊರೆಯಿತು.

ಆಗ ಎದ್ದ ಪ್ರಶ್ನೆ ಒಂದೇ: ವ್ಯಾಪಾರಸ್ಥನು ಗಡುವಿನೊಳಗೆ ನಿಜವಾಗಿಯೂ ಪ್ರಯತ್ನಿಸಿದ್ದನೆ? ಪರದೆಯ ಚಿತ್ರ, ಪತ್ರ, ದೂರಿನ ಸಂಖ್ಯೆ ಇಟ್ಟುಕೊಂಡವರಿಗೆ ಉತ್ತರವಿತ್ತು. ಏನೂ ಇಟ್ಟುಕೊಳ್ಳದವರು ನ್ಯಾಯಾಲಯದ ಮೆಟ್ಟಿಲು ಏರಬೇಕಾಯಿತು. ಕೊನೆಗೆ 2022ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾಲತಾಣವನ್ನು ಎಲ್ಲರಿಗೂ ಮತ್ತೆ ತೆರೆಯಬೇಕೆಂದು ಆದೇಶಿಸಿತು. ಅದರಂತೆ ಆ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ 30ರವರೆಗೆ ಅವಕಾಶ ದೊರೆಯಿತು. ನ್ಯಾಯ ದೊರಕಿತು ನಿಜ. ಆದರೆ ಸುಮಾರು ಐದು ವರ್ಷ ದುಡಿಯುವ ಬಂಡವಾಳ ಸಿಕ್ಕಿಹಾಕಿಕೊಂಡ ಸಣ್ಣ ವ್ಯಾಪಾರಿಗೆ ಅದರ ಬಡ್ಡಿಯನ್ನು ಯಾರೂ ತುಂಬಿಕೊಡಲಿಲ್ಲ.

ಇದಕ್ಕೆ ಪ್ರತಿಯಾಗಿ, ಅಳತೆ ಇದ್ದಾಗ ಚರ್ಚೆಯ ಸ್ವರೂಪವೇ ಬೇರೆಯಾಗುತ್ತದೆ. 2020ರ ಮಾರ್ಚ್ 14ರಂದು ನಡೆದ ತೆರಿಗೆ ಮಂಡಳಿಯ 39ನೆಯ ಸಭೆಯಲ್ಲಿ, ಏಕಕಾಲಕ್ಕೆ 1.5 ಲಕ್ಷ ತೆರಿಗೆದಾರರನ್ನು ನಿಭಾಯಿಸುತ್ತಿದ್ದ ವ್ಯವಸ್ಥೆಯ ಸಾಮರ್ಥ್ಯವನ್ನು 3 ಲಕ್ಷಕ್ಕೆ ಏರಿಸಬೇಕೆಂದು ತೀರ್ಮಾನವಾಯಿತು. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಮುಂದೆ ಇಟ್ಟದ್ದು ಬರಿಯ ಗೊಣಗಾಟವನ್ನಲ್ಲ, ಒಂದು ಸಂಖ್ಯೆಯನ್ನು. 2025ರ ಜನವರಿಯಲ್ಲಿ ಗಡುವಿನ ಹೊಸ್ತಿಲಲ್ಲೇ ಜಾಲತಾಣ ಕೈಕೊಟ್ಟಾಗ ಜಿಎಸ್‌ಟಿಆರ್-1ರ ದಿನಾಂಕವನ್ನು 11ರಿಂದ 13ಕ್ಕೆ ವಿಸ್ತರಿಸಲಾಯಿತು. ಅಡಚಣೆ ದೇಶವ್ಯಾಪಿಯಾಗಿದ್ದಾಗ ಪರಿಹಾರ ತಾನಾಗಿ ಬರುತ್ತದೆ. ಅಡಚಣೆ ಮುಂಡರಗಿಯ ಒಂದು ಬೀದಿಗೋ ಶಿರಹಟ್ಟಿಯ ಒಂದು ಅಂಗಡಿಗೋ ಸೀಮಿತವಾದಾಗ ಅದನ್ನು ತೋರಿಸಿಕೊಡಬೇಕಾದ ಭಾರ ಆ ಅಂಗಡಿಯವನ ಮೇಲೆಯೇ ಇರುತ್ತದೆ.

ಅಳೆಯಬೇಕಾದ ಐದು ಸಂಗತಿಗಳು

ವ್ಯಾಪಾರಸ್ಥನಿಗೆ ಐದು ಅಂಕಿಗಳು ಸಾಕು.

1. ಪ್ರೊಸೆಸರ್ ಎಷ್ಟು ಪ್ರತಿಶತ ಕೆಲಸದಲ್ಲಿ ತೊಡಗಿದೆ ಎಂಬುದು.

2. ಮೆಮೊರಿಯಲ್ಲಿ ಬಳಕೆಗೆ ಉಳಿದಿರುವ ಜಾಗ. ಇದು ತೀರಿದಾಗ ಯಂತ್ರವು ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಗುಮಾಸ್ತನ ಪರದೆ ಸ್ತಬ್ಧವಾಗುವುದು ಹೆಚ್ಚಾಗಿ ಈ ಹಂತದಲ್ಲಿ.

3. ಡಿಸ್ಕಿನ ಮುಂದೆ ಸರದಿಗಾಗಿ ಕಾಯುತ್ತಿರುವ ಕೆಲಸಗಳ ಸಂಖ್ಯೆ. ತೂಕದ ಸೇತುವೆಯ ಮುಂದೆ ನಿಂತ ಟ್ರ್ಯಾಕ್ಟರುಗಳ ಸಾಲಿನಂತೆ ಇದು ಬೆಳೆದಷ್ಟೂ ಒಳಗಿನ ಕೆಲಸ ತಡವಾಗುತ್ತದೆ.

4. ಡಿಸ್ಕಿನಲ್ಲಿ ಉಳಿದ ಖಾಲಿ ಸ್ಥಳ. 20 ಜಿಬಿ ಉಳಿದಿದ್ದು ತಿಂಗಳಿಗೆ 4 ಜಿಬಿ ಕರಗುತ್ತಿದ್ದರೆ ಐದನೆಯ ತಿಂಗಳಿಗೆ ಡಿಸ್ಕ್ ತುಂಬುತ್ತದೆ. ಆ ತಿಂಗಳು ಮಾರ್ಚ್ ಆಗಿದ್ದರೆ ಏನಾಗುವುದೆಂದು ಮೊದಲೇ ತಿಳಿದಿರುವುದು ಒಳಿತು.

5. ಅಂತರಜಾಲದ ಪ್ರತಿಕ್ರಿಯೆಯ ಕಾಲ. ಮೊದಲು ಅಂಗಡಿಯೊಳಗಿನ ರೌಟರಿಗೆ, ಆಮೇಲೆ ಹೊರಗಿನ ಸ್ಥಿರವಾದ ಒಂದು ವಿಳಾಸಕ್ಕೆ ಪಿಂಗ್ ಕಳುಹಿಸಿ ಉತ್ತರ ಬರಲು ತಗಲಿದ ಮಿಲಿಸೆಕೆಂಡುಗಳನ್ನು ಬರೆದಿಡಬೇಕು. ಮೊದಲನೆಯದೇ ತಡವಾದರೆ ತೊಂದರೆ ಅಂಗಡಿಯ ಒಳಗಿದೆ. ಎರಡನೆಯದು ಮಾತ್ರ ತಡವಾದರೆ ಲೈನಿನಲ್ಲಿದೆ. ಎರಡೂ ಸರಿಯಿದ್ದು ತೆರಿಗೆಯ ಪುಟವೊಂದೇ ತೆರೆಯದಿದ್ದರೆ ಜಾಲತಾಣದ ಕಡೆ ಬೆರಳು ತೋರಿಸಲು ಆಧಾರ ದೊರೆಯುತ್ತದೆ. ಕೆಲವು ಜಾಲತಾಣಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲವಾದ್ದರಿಂದ ಅಲ್ಲಿ ಪುಟ ತೆರೆಯಲು ತಗಲಿದ ಕಾಲವನ್ನೇ ಅಳೆಯಬೇಕು.

ಇವುಗಳ ಜೊತೆಗೆ ಆರನೆಯ ಮಾಹಿತಿಯೊಂದು ಉಚಿತವಾಗಿಯೇ ಸಿಗುತ್ತದೆ. ಐದು ನಿಮಿಷಕ್ಕೊಂದು ಸಾಲು ಬರೆಯುವ ಪಟ್ಟಿಯಲ್ಲಿ 3 ಗಂಟೆ 10 ನಿಮಿಷದ ನಂತರದ ಸಾಲು 3 ಗಂಟೆ 40 ನಿಮಿಷಕ್ಕೆ ಇದ್ದರೆ ನಡುವೆ ಯಂತ್ರ ನಿಂತಿತ್ತೆಂದು ಸಂಶಯಿಸಬೇಕು. ವಿದ್ಯುತ್ ಹೋಗಿ ಯುಪಿಎಸ್ ಕೈಕೊಟ್ಟಾಗ ಹೀಗಾಗುತ್ತದೆ. ಸರಿಯಾಗಿ ಮುಚ್ಚದೆ ಯಂತ್ರ ನಿಂತು ಮತ್ತೆ ಆರಂಭವಾದದ್ದನ್ನು ವಿಂಡೋಸ್ ತನ್ನ ಘಟನಾ ದಾಖಲೆಯಲ್ಲಿ 41 ಎಂಬ ಸಂಖ್ಯೆಯಡಿ ಬರೆದುಕೊಳ್ಳುತ್ತದೆ. ಎರಡನ್ನೂ ತಾಳೆ ನೋಡಿದರೆ ಯುಪಿಎಸ್ ಬ್ಯಾಟರಿ ಬದಲಾಯಿಸುವ ಕಾಲ ಬಂದಿದೆಯೇ ಎಂಬುದು ತಿಳಿಯುತ್ತದೆ. ಲೆಕ್ಕದ ಕಡತಗಳು ಕೆಡುವುದು ಹೆಚ್ಚಾಗಿ ಇಂಥ ಹಠಾತ್ ನಿಲುಗಡೆಯಿಂದಲೇ.

ಸ್ಕ್ರಿಪ್ಟ್ ಎಂದರೆ ಏನು?

ಸ್ಕ್ರಿಪ್ಟ್ ಎಂದರೆ ಗಣಕಯಂತ್ರಕ್ಕೆ ಕೊಟ್ಟ ಆಜ್ಞೆಗಳ ಸಣ್ಣ ಪಟ್ಟಿ. ಇದಕ್ಕಾಗಿ ಬೇರೆ ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ. ವಿಂಡೋಸ್ ಒಳಗೆ ಟೈಪ್‌ಪರ್ಫ್ ಎಂಬ ಆಜ್ಞೆ ಮೊದಲಿನಿಂದಲೂ ಇದೆ. ಯಾವ ಮಾಪಕಗಳು ಬೇಕು, ಎಷ್ಟು ಸೆಕೆಂಡಿಗೊಮ್ಮೆ ಬೇಕು, ಯಾವ ಕಡತದಲ್ಲಿ ಬರೆಯಬೇಕು ಎಂದು ಹೇಳಿದರೆ ಸಾಕು. ಪವರ್‌ಶೆಲ್‌ನಲ್ಲಿ ಇದೇ ಕೆಲಸಕ್ಕೆ ಗೆಟ್-ಕೌಂಟರ್ ಎಂಬ ಆಜ್ಞೆಯಿದೆ. ಬೆಳಿಗ್ಗೆ ಯಂತ್ರ ಆರಂಭವಾದೊಡನೆ ಅದನ್ನು ಚಾಲನೆಗೊಳಿಸುವ ಹೊಣೆಯನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಹೊರುತ್ತದೆ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಕಂಡುಬರುವ ಡಬ್ಲ್ಯೂಎಂಐಸಿ ಎಂಬ ಆಜ್ಞೆಯನ್ನು ಮೈಕ್ರೋಸಾಫ್ಟ್ ಕೈಬಿಡುತ್ತಿರುವುದರಿಂದ ಹೊಸದಾಗಿ ಬರೆಸುವವರು ಅದನ್ನು ಬಳಸದಿರುವುದು ಲೇಸು. ಲಿನಕ್ಸ್ ಬಳಸುವವರಿಗೆ ಸಿಸ್‌ಸ್ಟಾಟ್ ಎಂಬ ಉಚಿತ ಸಾಧನವಿದ್ದು, ಅದರ ಸಾರ್ ಆಜ್ಞೆ ಇಡೀ ದಿನದ ಅಂಕಿಗಳನ್ನು ಒಂದೆಡೆ ತೋರಿಸುತ್ತದೆ.

ಇದರ ಖರ್ಚನ್ನೂ ಲೆಕ್ಕ ಹಾಕಬಹುದು. ಐದು ನಿಮಿಷಕ್ಕೊಂದು ಸಾಲಿನಂತೆ ದಿನಕ್ಕೆ ಹತ್ತು ಗಂಟೆ ನಡೆಯುವ ಅಂಗಡಿಯಲ್ಲಿ 120 ಸಾಲುಗಳಾಗುತ್ತವೆ. 25 ದಿನಗಳ ತಿಂಗಳಿಗೆ 3,000 ಸಾಲುಗಳು. ಒಂದು ಸಾಲಿಗೆ ನೂರು ಅಕ್ಷರಗಳೆಂದರೂ ತಿಂಗಳಿಗೆ 300 ಕೆಬಿಯಷ್ಟಾಯಿತು. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರ ಇದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಈ ಕಡತ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದುಕೊಳ್ಳುತ್ತದೆ. ಖಾತೆ ನೋಡಬಲ್ಲ ಗುಮಾಸ್ತನು ಇದನ್ನೂ ನೋಡಬಲ್ಲ.

ಸರಾಸರಿಯನ್ನು ನಂಬಬಾರದು

ಅಂಕಿಗಳನ್ನು ಕಲೆಹಾಕುವುದು ಸುಲಭ. ಓದುವಾಗ ಎಚ್ಚರ ಬೇಕು. ವರ್ಷದ ಸರಾಸರಿ ಮಳೆ ಸರಿಯಾಗಿಯೇ ಬಿದ್ದಿದ್ದರೂ ಹೆಸರು ಬಿಡಿಸುವ ವಾರದಲ್ಲಿ ಸುರಿದರೆ ರೈತನಿಗೆ ಆಗುವ ಹಾನಿ ಸರಾಸರಿಯಲ್ಲಿ ಕಾಣುವುದಿಲ್ಲ. ಹಾಗೆಯೇ ಪ್ರೊಸೆಸರಿನ ತಿಂಗಳ ಸರಾಸರಿ ಶೇ. 20 ಎಂದು ಸಮಾಧಾನಪಡುವ ಮಾಲೀಕನಿಗೆ 20ನೆಯ ತಾರೀಖಿನ ಸಂಜೆ ಅದು ಒಂದು ಗಂಟೆ ಕಾಲ ಶೇ. 100ರಲ್ಲಿ ನಿಂತಿದ್ದು ತಿಳಿಯುವುದಿಲ್ಲ. ಆದ್ದರಿಂದ ಗರಿಷ್ಠ ಅಂಕಿ, ಅದು ಬಂದ ವೇಳೆ ಮತ್ತು ಎಷ್ಟು ಹೊತ್ತು ನಿಂತಿತು ಎಂಬ ಮೂರನ್ನೂ ಬೇರೆಯಾಗಿ ಗುರುತಿಸಬೇಕು. ಒಂದೆರಡು ಕ್ಷಣ ಶೇ. 100 ತಲುಪುವುದು ರೋಗವಲ್ಲ. ಕೆಲಸ ಮಾಡುವ ಯಂತ್ರದ ಲಕ್ಷಣ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಲಕ್ಷ್ಮೇಶ್ವರದ ಒಬ್ಬ ದಲಾಲರ ಅಂಗಡಿಯಲ್ಲಿ ಮೂರು ಯಂತ್ರಗಳಿವೆ. ಲೆಕ್ಕದ ಕಡತ ಒಂದರಲ್ಲಿದ್ದು ಉಳಿದೆರಡು ಅದನ್ನೇ ತೆರೆಯುತ್ತವೆ. ಸಂಜೆ ನಾಲ್ಕರ ನಂತರ ಮೂರೂ ನಿಧಾನವಾಗುತ್ತವೆ. ಮಾರಾಟಗಾರನ ಸಲಹೆಯಂತೆ, ಯಂತ್ರಕ್ಕೆ 45,000 ರೂಪಾಯಿಯಂತೆ ಮೂರನ್ನೂ ಬದಲಾಯಿಸಿದರೆ 1,35,000 ರೂಪಾಯಿ. ಎರಡು ವಾರದ ದಾಖಲೆ ತೆರೆದಾಗ ಎರಡು ಯಂತ್ರಗಳಲ್ಲಿ ಯಾವ ದೋಷವೂ ಕಾಣುವುದಿಲ್ಲ. ಕಡತವಿರುವ ಯಂತ್ರದಲ್ಲಿ ಮಾತ್ರ ಸಂಜೆ ನಾಲ್ಕಕ್ಕೆ ಡಿಸ್ಕಿನ ಸಾಲು ಬೆಳೆಯುತ್ತದೆ, ಮೆಮೊರಿ ಬತ್ತುತ್ತದೆ. ವಿಚಾರಿಸಿದರೆ ವೈರಸ್ ತಪಾಸಣೆಯನ್ನು ಯಾರೋ ನಾಲ್ಕು ಗಂಟೆಗೇ ನಿಗದಿಪಡಿಸಿದ್ದಾರೆ. ಅದನ್ನು ಮಧ್ಯಾಹ್ನದ ಊಟದ ಬಿಡುವಿಗೆ ಬದಲಾಯಿಸಲು ಖರ್ಚಿಲ್ಲ. ಆಮೇಲೂ ತೊಂದರೆ ಉಳಿದರೆ ಆ ಒಂದೇ ಯಂತ್ರಕ್ಕೆ ಮೆಮೊರಿ ಸೇರಿಸಿ, ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಬಹುದು. ಮೂರು ಹೊಸ ಯಂತ್ರಗಳನ್ನು ಕೊಂಡಿದ್ದರೂ ನಾಲ್ಕು ಗಂಟೆಯ ತಪಾಸಣೆ ಹೊಸದರಲ್ಲಿಯೂ ಮುಂದುವರಿಯುತ್ತಿತ್ತು.

ಹೊಸದನ್ನು ಕೊಳ್ಳುವ ಮುನ್ನ

ಈ ಮಾತು ಈಗ ವಿಶೇಷವಾಗಿ ಪ್ರಸ್ತುತವಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಾಗೂ ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕಾಗಿರುವುದರಿಂದ ಅನೇಕ ಹಳೆಯ ಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಸಂಸ್ಥೆಗಳು ಹಣ ತೆತ್ತು ಗರಿಷ್ಠ ಮೂರು ವರ್ಷ ಭದ್ರತಾ ಪರಿಷ್ಕರಣೆ ಪಡೆಯಬಹುದಾಗಿದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಅರಿಯಬೇಕು. ವೇಗವಾಗಿ ಓಡುವ ಯಂತ್ರ ಸುರಕ್ಷಿತವಾಗಿಯೇ ಇರಬೇಕೆಂದಿಲ್ಲ. ಭದ್ರತಾ ಪರಿಷ್ಕರಣೆ ನಿಂತ ಯಂತ್ರದಿಂದ ಬ್ಯಾಂಕಿನ ವಹಿವಾಟು ನಡೆಸುವುದು ಎಷ್ಟೇ ಒಳ್ಳೆಯ ಅಂಕಿಗಳಿದ್ದರೂ ಅಪಾಯವೇ. ಆದರೆ ಯಾವ ಯಂತ್ರವನ್ನು ಮೊದಲು ಬದಲಾಯಿಸಬೇಕು, ಬದಲಿಗೆ ಎಷ್ಟು ಸಾಮರ್ಥ್ಯದ್ದು ಸಾಕು ಎಂಬುದನ್ನು ಅಂಕಿಗಳೇ ಹೇಳಬಲ್ಲವು. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಮೇಜಿನ ಗಣಕಯಂತ್ರಕ್ಕೆ 3 ವರ್ಷ, ಸರ್ವರಿಗೆ 6 ವರ್ಷ ಬಾಳಿಕೆಯನ್ನು ಗೊತ್ತುಪಡಿಸಿದೆ. ಸವಕಳಿಯ ಲೆಕ್ಕಕ್ಕೆ ಅದು ಸರಿ. ಯಂತ್ರ ನಿಜವಾಗಿ ಸವೆದಿದೆಯೇ ಎಂಬುದು ಸವಕಳಿಯ ಪಟ್ಟಿಯಿಂದ ತಿಳಿಯುವುದಿಲ್ಲ.

ನಿರ್ವಹಣೆಯ ವಾರ್ಷಿಕ ಗುತ್ತಿಗೆಗೂ ಇದೇ ಮಾತು ಅನ್ವಯಿಸುತ್ತದೆ. ವರ್ಷದ ಆರಂಭದಲ್ಲಿಯೇ ಹಣ ಪಡೆಯುವ ಗುತ್ತಿಗೆದಾರನು ಪ್ರತಿ ತಿಂಗಳು ಒಂದು ಪುಟದ ಅಂಕಿ-ಅಂಶದ ತಖ್ತೆಯನ್ನು ಕೊಡಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸುವುದು ಅಪೇಕ್ಷಣೀಯ. ಪ್ರಾಮಾಣಿಕ ಗುತ್ತಿಗೆದಾರನಿಗೆ ಇದರಿಂದ ಅನುಕೂಲವೇ ಹೊರತು ತೊಂದರೆಯಿಲ್ಲ. ತನ್ನದಲ್ಲದ ತಪ್ಪಿಗೆ ಬೈಸಿಕೊಳ್ಳುವುದು ಅವನಿಗೂ ತಪ್ಪುತ್ತದೆ.

ಆಕ್ಷೇಪಗಳು ಮತ್ತು ಎಚ್ಚರಿಕೆ

ಒಂದೇ ಯಂತ್ರವಿರುವ ಚಿಕ್ಕ ಅಂಗಡಿಗೆ ಇಷ್ಟೆಲ್ಲ ಏಕೆ ಎಂಬ ಆಕ್ಷೇಪ ಸಹಜ. ಅಂಥವರು ವರ್ಷವಿಡೀ ದಾಖಲೆ ಇಡಬೇಕಾಗಿಲ್ಲ. ತೊಂದರೆ ಕಂಡಾಗ ಎರಡು ವಾರ, ಗಡುವಿನ ವಾರಗಳಲ್ಲಿ ಕೆಲವು ದಿನ ಇಟ್ಟರೂ ಪ್ರಯೋಜನವಿದೆ. ಕಂಪನಿಯಾಗಿ ನೋಂದಾಯಿಸಿಕೊಂಡವರು ಮಾತ್ರ 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವನ್ನು ಗಮನಿಸಬೇಕು. ಗಣಕ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾದಿಡಬೇಕು ಮತ್ತು ಯಂತ್ರದ ಗಡಿಯಾರವನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕು ಎಂದು ಅದು ವಿಧಿಸುತ್ತದೆ. ಗಡಿಯಾರ ತಪ್ಪಿದ್ದರೆ ಕಾರ್ಯಕ್ಷಮತೆಯ ದಾಖಲೆಗೂ ಬೆಲೆಯಿಲ್ಲ.

ಗುರುತಿಲ್ಲದವರು ಕೊಟ್ಟ ಸ್ಕ್ರಿಪ್ಟನ್ನು ಓದಿಸದೆ ಎಂದೂ ಚಲಾಯಿಸಬಾರದು. ಅಂಕಿ ಬರೆಯುವ ನೆಪದಲ್ಲಿ ಗುಪ್ತಪದ ಕದಿಯುವ ಆಜ್ಞೆಗಳೂ ಅದರಲ್ಲಿ ಅಡಗಿರಬಹುದು. ಸೆಕೆಂಡಿಗೊಮ್ಮೆ ಅಳೆಯುವ ಅತ್ಯುತ್ಸಾಹವೂ ಬೇಡ; ಅಳೆಯುವ ಕೆಲಸವೇ ಯಂತ್ರಕ್ಕೆ ಭಾರವಾದೀತು. ಯಂತ್ರದ ಅಂಕಿಗಳನ್ನು ಸಂಗ್ರಹಿಸುವುದಕ್ಕೂ ಸಿಬ್ಬಂದಿಯ ಮೇಲೆ ಬೇಹುಗಾರಿಕೆ ನಡೆಸುವುದಕ್ಕೂ ಅಂತರವಿದೆ. ಯಾವ ಗುಮಾಸ್ತನು ಏನು ಟೈಪು ಮಾಡಿದನೆಂಬುದು ಈ ದಾಖಲೆಗೆ ಬೇಕಿಲ್ಲ, ಬರಲೂ ಬಾರದು.

ಸ್ವಂತ ಯಂತ್ರದ ದಾಖಲೆಯೊಂದೇ ಇಲಾಖೆಯ ಮುಂದೆ ಪೂರ್ಣ ಸಾಕ್ಷ್ಯವಾಗುವುದೆಂಬ ಭ್ರಮೆಯೂ ಬೇಡ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ನಿಗದಿತ ಪ್ರಮಾಣಪತ್ರ ಇರಬೇಕು. ಆದರೂ ಪರದೆಯ ಚಿತ್ರ ಮತ್ತು ದೂರಿನ ಸಂಖ್ಯೆಯ ಜೊತೆಗೆ, ಅದೇ ಹೊತ್ತಿನಲ್ಲಿ ಯಂತ್ರವೂ ಲೈನೂ ಸುಸ್ಥಿತಿಯಲ್ಲಿದ್ದವು ಎಂದು ತೋರಿಸುವ ದಾಖಲೆಯಿದ್ದರೆ ವಾದಕ್ಕೆ ಬಲ ಬರುತ್ತದೆ.

ಸಂಸ್ಥೆ ಮಾಡಬಹುದಾದದ್ದು

ಬಿಡಿಬಿಡಿಯಾಗಿ ಪ್ರತಿಯೊಬ್ಬರೂ ಈ ಕೆಲಸಕ್ಕೆ ಕೈಹಾಕುವುದಕ್ಕಿಂತ ವಾಣಿಜ್ಯೋದ್ಯಮ ಸಂಸ್ಥೆಯೇ ಮುಂದಾಗುವುದು ಯುಕ್ತ. ಬಲ್ಲವರಿಂದ ಒಂದೇ ಮಾದರಿಯ ಸ್ಕ್ರಿಪ್ಟನ್ನು ಬರೆಸಿ, ಪರೀಕ್ಷಿಸಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯ ಸದಸ್ಯರಿಗೆ ಉಚಿತವಾಗಿ ಹಂಚಬಹುದು. ಇದರ ಸ್ಥಾಪನೆ ಮತ್ತು ಓದುವ ಕ್ರಮವನ್ನು ಕಲಿಸಲು ಅರ್ಧ ದಿನದ ತರಬೇತಿ ಸಾಕು. 11 ಮತ್ತು 20ನೆಯ ತಾರೀಖಿನ ಆಸುಪಾಸಿನ ದಿನಗಳ ಅಂತರಜಾಲ ಪ್ರತಿಕ್ರಿಯೆಯ ಅಂಕಿಗಳನ್ನು, ವ್ಯವಹಾರದ ಯಾವ ವಿವರವೂ ಇಲ್ಲದೆ, ಇಚ್ಛೆಯುಳ್ಳ ಸದಸ್ಯರಿಂದ ಪಡೆದು ಒಟ್ಟುಗೂಡಿಸಬಹುದು. ನಾಲ್ಕು ಊರುಗಳ ಐವತ್ತು ಅಂಗಡಿಗಳಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಲೈನು ಕುಸಿದದ್ದನ್ನು ತೋರಿಸುವ ತಖ್ತೆಯೊಂದಿಗೆ ದೂರವಾಣಿ ಕಂಪನಿಗೋ ಇಲಾಖೆಗೋ ಬರೆದ ಮನವಿಯನ್ನು ಬುಟ್ಟಿಗೆ ಎಸೆಯುವುದು ಅಷ್ಟು ಸುಲಭವಲ್ಲ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಬ್ಬೊಬ್ಬರಿಂದ ಆಗದ್ದನ್ನು ಹಲವರು ಸೇರಿ, ಲೆಕ್ಕ ಬರೆದಿಟ್ಟುಕೊಂಡು ಮಾಡಬಹುದೆಂಬುದು ಈ ನೆಲಕ್ಕೆ ಹೊಸ ಪಾಠವೇನಲ್ಲ. ಮುಂದಿನ ಹೆಸರಿನ ಹಂಗಾಮಿಗೆ ಮುನ್ನ ಸಂಸ್ಥೆಯ ಕಾರ್ಯಕಾರಿ ಸಮಿತಿಯು ಈ ವಿಷಯವನ್ನು ಕೈಗೆತ್ತಿಕೊಳ್ಳುವುದು ಸೂಕ್ತ. ಅಲ್ಲಿಯವರೆಗೆ ಹೊಸ ಗಣಕಯಂತ್ರದ ಕೊಟೇಶನ್ನಿಗೆ ಸಹಿ ಹಾಕಲಿರುವ ಸದಸ್ಯರು ಹಳೆಯದರ ಎರಡು ವಾರದ ಅಂಕಿಗಳನ್ನು ತರಿಸಿ ನೋಡಿ, ಆಮೇಲೆ ಸಹಿ ಹಾಕಿದರೆ ನಷ್ಟವೇನಿಲ್ಲ.